ಜಪಾನಿನ ಚಿತ್ರ, ಕನ್ನಡದ ಹಾಡು: ಮಲೆನಾಡಿನ ಎಡಿಟ್‌ಗಳ ದನಿ ಹೋಗುತ್ತಿರುವುದು ಯಾಕೆ?

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ವಿಡಿಯೊ ಇದೆ. ಹಾಡು ಮಾತ್ರ ಹೋಗ್ಬಿಟ್ಟಿದೆ" ಅಂದ. ಅವನಿಗೆ 17 ವರ್ಷ. ಒಂದು ಜಪಾನಿ ಅನಿಮೆಯ ದೃಶ್ಯಗಳನ್ನು ಆಯ್ದು, ಹಳೆಯ ಕನ್ನಡ ಭಾವಗೀತೆಯೊಂದಕ್ಕೆ ಕೂಡಿಸಿ, ಮೂರು ವಾರ ಕೂತು ವಿಡಿಯೊ ಮಾಡಿದ್ದ. ಎಲ್ಲ ಫೋನಿನಲ್ಲೇ. ಕರೆಂಟ್ ಇದ್ದಾಗ ಚಾರ್ಜ್, ಮನೆ ಹಿಂದಿನ ಗುಡ್ಡ ಹತ್ತಿದರೆ ನೆಟ್‌ವರ್ಕ್. ಕೊಡೆ ಹಿಡಿದು ನಿಂತು ಅಪ್‌ಲೋಡ್ ಮಾಡಿ ಮನೆಗೆ ಬಂದು ಊಟ ಮುಗಿಸುವುದರೊಳಗೆ, ವಿಡಿಯೊ ಹಾಕಿದ್ದ ಆ್ಯಪ್ ಹಾಡನ್ನು ಅಳಿಸಿಹಾಕಿತ್ತು. ಚಿತ್ರ ಓಡುತ್ತಿತ್ತು, ಸದ್ದಿಲ್ಲ.

ನಾನು ಶಿವಮೊಗ್ಗದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವನು. ಕಾಲೇಜಿನ ದಿನಗಳಲ್ಲಿ ನಾನೂ ಇಂಥವನ್ನು ಮಾಡಿದ್ದೇನೆ. ಕತ್ತರಿಸುವುದು, ಕೂಡಿಸುವುದು, ತಾಳ ಹಿಡಿಯುವುದು ಎಲ್ಲ ಅಲ್ಲೇ ಕಲಿತದ್ದು. ಆದ್ದರಿಂದ ಆ ಹುಡುಗನಿಗೆ "ಹೋಗ್ಲಿ ಬಿಡೋ" ಅನ್ನುವುದಕ್ಕೆ ಆಗಲಿಲ್ಲ. ಅವತ್ತಿನಿಂದ ಇದರ ಬಗ್ಗೆ ಓದುತ್ತಾ, ಪರಿಚಯದ ಹುಡುಗರನ್ನು ಕೇಳುತ್ತಾ ಬಂದೆ. ನನಗೆ ಕಂಡದ್ದು ಇಷ್ಟು. ಅನಿಮೆ ಕನ್ನಡದಲ್ಲಿ ಮಾತಾಡುವ ಜಾಗ ಸದ್ಯಕ್ಕೆ ಹೆಚ್ಚಾಗಿ ಈ ಹುಡುಗರ ಎಡಿಟ್‌ಗಳೇ. ಅಲ್ಲಿಂದಲೇ ಈಗ ಕನ್ನಡ ಮರೆಯಾಗುತ್ತಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅನಿಮೆ ಅಂದರೆ ಜಪಾನಿನ ಆ್ಯನಿಮೇಶನ್. ಅದರ ದೃಶ್ಯಗಳಿಗೆ ಬೇರೆಯದೇ ಹಾಡು ಜೋಡಿಸಿ ಅಭಿಮಾನಿಗಳು ಮಾಡುವ ವಿಡಿಯೊವನ್ನು ಅನಿಮೆ ಮ್ಯೂಸಿಕ್ ವಿಡಿಯೊ, ಚಿಕ್ಕದಾಗಿ ಎಎಂವಿ ಅನ್ನುತ್ತಾರೆ. ನಮ್ಮ ಕಡೆ ಸುಮ್ನೆ 'ಎಡಿಟ್' ಅಂದರೆ ಸಾಕು. ಮೊದಲನೆಯದನ್ನು ಮಾಡಿದವರು ಅಮೆರಿಕದ ಜಿಮ್ ಕಪೋಸ್ಟಾಸ್ ಎಂದು ಹೇಳುವುದು ವಾಡಿಕೆ. 1982ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ, ಎರಡು ವಿಸಿಆರ್‌ಗಳನ್ನು ತಂತಿಯಲ್ಲಿ ಜೋಡಿಸಿ ಒಂದು ಬಾಹ್ಯಾಕಾಶ ಯುದ್ಧದ ಅನಿಮೆಯ ಹೊಡೆದಾಟಗಳನ್ನೆಲ್ಲ ಬೀಟಲ್ಸ್ ತಂಡದ ಒಂದು ಪ್ರೀತಿಯ ಹಾಡಿಗೆ ಕೂಡಿಸಿದರು. ಒಂದರಲ್ಲಿ ಪ್ಲೇ, ಇನ್ನೊಂದರಲ್ಲಿ ರೆಕಾರ್ಡ್. ಇಡೀ ತಂತ್ರ ಅಷ್ಟೇ.

ಭಾರತದಲ್ಲಿ ಇದರ ಆಕಾರ ಬದಲಾದದ್ದು 2020ರಲ್ಲಿ. ಆ ವರ್ಷದ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಎರಡು ವಾರದೊಳಗೆ ಇನ್‌ಸ್ಟಾಗ್ರಾಂನ ರೀಲ್ಸ್ ಇಲ್ಲಿ ಶುರುವಾಯಿತು. ಮೂರೂವರೆ ನಿಮಿಷದ ಎಡಿಟ್ ಮೂವತ್ತು ಸೆಕೆಂಡಿಗೆ ಇಳಿಯಿತು. ಅಗಲದ ಚಿತ್ರ ಉದ್ದಕ್ಕೆ ನಿಂತಿತು. 16:9 ಅಳತೆಯ ದೃಶ್ಯವನ್ನು ಫೋನಿನ 9:16ಕ್ಕೆ ಕತ್ತರಿಸಿದರೆ ಉಳಿಯುವುದು ಮೂರರಲ್ಲಿ ಒಂದು ಪಾಲಿಗಿಂತ ಕಮ್ಮಿ. ಇಬ್ಬರು ಎದುರುಬದುರು ನಿಂತ ದೃಶ್ಯದಲ್ಲಿ ಒಬ್ಬರನ್ನು ಬಿಡಲೇಬೇಕು. ಯಾರನ್ನು ಬಿಡುವುದು ಅನ್ನುವುದೇ ಈಗಿನ ಎಡಿಟರ್‌ನ ಮೊದಲ ಕಷ್ಟ.

"ಬೇರೆಯವರ ಚಿತ್ರ, ಬೇರೆಯವರ ಹಾಡು. ಇವರದ್ದೇನಿದೆ ಇದರಲ್ಲಿ?" ಅಂತ ಕೇಳುವವರು ಜಾಸ್ತಿ. ನ್ಯಾಯವಾದ ಪ್ರಶ್ನೆ. ಉತ್ತರ ಬೇಕಾದರೆ, ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ಮುಂದೆ ಕೂರಬೇಕು.

ಅನಿಮೆ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಆದರೆ ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆದಿರುವುದಿಲ್ಲ. ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್ ಹಿಡಿದು ನಿಲ್ಲಿಸುತ್ತಾರೆ. ಹಾಗಾಗಿ ಸೆಕೆಂಡಿಗೆ ನಿಜವಾದ ಚಿತ್ರ 12 ಅಥವಾ 8. ನೀವು ತಪ್ಪು ಫ್ರೇಮಿನಲ್ಲಿ ಕತ್ತರಿಸಿದರೆ ಮುಂದಿನ ದೃಶ್ಯದ ಒಂದು ಚೂರು ಮಿಂಚಿ ಹೋಗುತ್ತದೆ. ಕಣ್ಣಿಗೆ ಅದು ಕಲ್ಲು ಸಿಕ್ಕ ಅನ್ನದ ಹಾಗೆ.

ಇನ್ನು ತಾಳ. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ ಒಂದು ಪೆಟ್ಟಿಗೆ ಸರಿಯಾಗಿ 12 ಫ್ರೇಮ್. ಸುಲಭ. ಅದೇ ನಿಮಿಷಕ್ಕೆ 100 ಪೆಟ್ಟಿನ ಹಾಡು ತಗೊಳ್ಳಿ. ಒಂದು ಪೆಟ್ಟಿಗೆ 14.4 ಫ್ರೇಮ್. ಫ್ರೇಮನ್ನು ತುಂಡು ಮಾಡಲು ಬರುವುದಿಲ್ಲ. ಎಲ್ಲ ಕಡೆ 14 ಅಂತ ಇಟ್ಟರೆ ಹತ್ತು ಪೆಟ್ಟಿನಲ್ಲಿ 4 ಫ್ರೇಮ್ ಮುಂದೆ ಓಡಿರುತ್ತೀರಿ. ಆಗ 14, 15, 14, 15, 14 ಅಂತ ಇಡಬೇಕು. ಐದು ಪೆಟ್ಟಿಗೆ 72 ಫ್ರೇಮ್ ಆಗಿ ಲೆಕ್ಕ ಮತ್ತೆ ಕೂಡುತ್ತದೆ. ಪಂಚಾಂಗದಲ್ಲಿ ಅಧಿಕ ಮಾಸ ಸೇರಿಸಿ ಚಂದ್ರನ ಲೆಕ್ಕವನ್ನು ಸೂರ್ಯನ ಲೆಕ್ಕಕ್ಕೆ ತರುತ್ತಾರಲ್ಲ, ಹಾಗೇ. ಈ ಲೆಕ್ಕವನ್ನು ಪಿಯುಸಿ ಹುಡುಗನೊಬ್ಬ ಕಿವಿಯಲ್ಲೇ ಮಾಡುತ್ತಾನೆ.

ಕನ್ನಡ ಹಾಡು ಬಂದಾಗ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ನನಗೆ ಅತ್ಯಂತ ಇಷ್ಟವಾದದ್ದು ಇದೇ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. "ಅವಳು ಮಳೆಯಲ್ಲಿ ನೆನೆಯುತ್ತಾ ಬಾಗಿಲಲ್ಲೇ ಅವನಿಗಾಗಿ..." ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಕೊನೆಯ ಪದ 'ಕಾದಳು' ಆಗಬಹುದು, 'ಕಾಯಲಿಲ್ಲ'ವೂ ಆಗಬಹುದು. ಕೊನೆಯ ಪದ ಬರುವ ತನಕ ಅವಳು ಏನು ಮಾಡಿದಳು ಅಂತ ಗೊತ್ತಾಗುವುದಿಲ್ಲ. ಹಾಡಿನಲ್ಲಿ ಪದಗಳು ಹಿಂದೆಮುಂದೆ ಆಗುವುದುಂಟು, ಆದರೂ ಕನ್ನಡದ ಸಹಜ ನಡಿಗೆ ಇದು. ಇಂಗ್ಲಿಷ್ ಹಾಡಿಗೆ ಎಡಿಟ್ ಮಾಡಿ ರೂಢಿಯಾದವರು ಸಾಲಿನ ಶುರುವಿನಲ್ಲೇ ದೃಶ್ಯ ಬದಲಿಸುತ್ತಾರೆ. ಕನ್ನಡಕ್ಕೆ ಹಾಗೆ ಮಾಡಿದರೆ ಅರ್ಥ ಬರುವ ಹೊತ್ತಿಗೆ ಚಿತ್ರ ಹೋಗಿರುತ್ತದೆ. ಮುಖವನ್ನು ಹಿಡಿದಿಟ್ಟು, ಕ್ರಿಯಾಪದ ಬಿದ್ದ ಮೇಲೆ ಕತ್ತರಿಸಬೇಕು.

ಜಪಾನಿ ಭಾಷೆಯಲ್ಲೂ ಕ್ರಿಯಾಪದ ಬರುವುದು ಕೊನೆಗೇ. ಪಾತ್ರ ಮಾತು ಮುಗಿಸುವ ತನಕ ಕಾಯುವ ಅಭ್ಯಾಸ ಅಲ್ಲಿನ ದೃಶ್ಯಗಳಲ್ಲಿದೆ. ಎದುರಿನವರ ಮುಖದಲ್ಲಿ ಬದಲಾವಣೆ ಕಾಣುವುದು ಕೊನೆಯ ಪದದ ನಂತರ. ಜೊತೆಗೆ ಅನಿಮೆಯಲ್ಲಿ ಬಾಯಿಯ ಚಿತ್ರಗಳು ಸಾಮಾನ್ಯವಾಗಿ ಮೂರೇ: ಮುಚ್ಚಿದ್ದು, ಅರೆ ತೆರೆದದ್ದು, ತೆರೆದದ್ದು. ಆ ಮೂರನ್ನು ಹಿಂದೆಮುಂದೆ ಜೋಡಿಸಿದರೆ ಆ ಪಾತ್ರ ಕನ್ನಡ ಹಾಡುತ್ತಿದೆ ಅಂತಲೇ ಅನಿಸುತ್ತದೆ. ಚೆನ್ನಾಗಿ ಮಾಡಿದ ಕನ್ನಡ ಎಡಿಟ್ ನೋಡಿ ಮೈ ಜುಂ ಅನ್ನುವುದು ಇದಕ್ಕೇ.

ಈ ಕೆಲಸ ನಮಗೆ ಹೊಸದೂ ಅಲ್ಲ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ಪ್ರಸಂಗದ ಪದ್ಯ ಬೇರೆ ಯಾರೋ ಬರೆದದ್ದು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಭಾಗವತರು ಪದ್ಯ ಹಾಡಿ ಬಿಟ್ಟ ಮೇಲೆ ಅರ್ಥಧಾರಿ ಅದಕ್ಕೆ ಅವತ್ತಿನ ಅರ್ಥ ಹೇಳುತ್ತಾರೆ. ಅದೇ ಪದ್ಯಕ್ಕೆ ಒಬ್ಬರ ಕರ್ಣ ಅಳುತ್ತಾನೆ, ಇನ್ನೊಬ್ಬರ ಕರ್ಣ ಸಿಟ್ಟಾಗುತ್ತಾನೆ. ಜನ ರಾತ್ರಿಯೆಲ್ಲ ಕೂರುವುದು ಆ ವ್ಯತ್ಯಾಸ ಕೇಳಲಿಕ್ಕೆ. ಎಡಿಟ್ ಮಾಡುವ ಹುಡುಗ ಮಾಡುತ್ತಿರುವುದೂ ಅರ್ಥಗಾರಿಕೆಯೇ. ಮಾತಿನ ಬದಲು ಅವನ ಕೈಯಲ್ಲಿ ಚಿತ್ರ ಇದೆ.

ಇನ್ನೊಂದು ನೆನಪೂ ಬರುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ, 1970ರ ದಶಕದಲ್ಲಿ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಹೊರದೇಶದ ಸಿನಿಮಾಗಳನ್ನು ತೋರಿಸಿತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಭಾಷೆ ಬಾರದ ಚಿತ್ರವನ್ನು ನಮ್ಮದು ಮಾಡಿಕೊಂಡು ನೋಡುವ ಅಭ್ಯಾಸ ಈ ಮಣ್ಣಿನಲ್ಲಿ ಮೊದಲೇ ಇತ್ತು.

ಆದರೆ ಅನಿಮೆ ಕನ್ನಡಕ್ಕೆ ಅಧಿಕೃತವಾಗಿ ಬಂದದ್ದು ಬಹಳ ಕಮ್ಮಿ. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಅಲಿಖಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪು ಎಂದು ಹೇಳಿ ದಂಡ ಹಾಕಿತು. ಆಮೇಲೆ ಡಬ್ಬಿಂಗ್ ಸಿನಿಮಾಗಳು ಬಂದವು. ಅನಿಮೆ ಮಾತ್ರ ಹಿಂದೆಯೇ ಉಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಡೀಮನ್ ಸ್ಲೇಯರ್ ಸರಣಿಯ ದೊಡ್ಡ ಚಿತ್ರ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು. ಕನ್ನಡ ಇರಲಿಲ್ಲ. ನಮ್ಮ ಮಕ್ಕಳು ಅನಿಮೆಯನ್ನು ಕನ್ನಡದಲ್ಲಿ ಅನುಭವಿಸಬೇಕಾದರೆ ಉಳಿದದ್ದು ಹಾಡಿನ ದಾರಿ.

ಆ ದಾರಿಗೆ ಅಡ್ಡ ಇರುವುದು ಕಾಪಿರೈಟ್. ಇಲ್ಲಿ ಎರಡನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ಯಂತ್ರ, ಇನ್ನೊಂದು ಕಾನೂನು.

ಯಂತ್ರದ ಕೆಲಸ ಹೀಗೆ. ಯೂಟ್ಯೂಬ್ 2007ರಲ್ಲಿ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ತಂದಿತು. ಹಾಡಿನ ಕಂಪನಿ ತನ್ನ ರೆಕಾರ್ಡಿಂಗ್ ಅನ್ನು ಮೊದಲೇ ಕೊಟ್ಟಿರುತ್ತದೆ. ಅದರಿಂದ ಯಂತ್ರ ಒಂದು ಬೆರಳಚ್ಚು ಮಾಡಿಕೊಳ್ಳುತ್ತದೆ. ನೀವು ಹಾಕುವ ಪ್ರತಿ ವಿಡಿಯೊವನ್ನೂ ಅದಕ್ಕೆ ಹೋಲಿಸುತ್ತದೆ. ಸಿಕ್ಕಿದರೆ ಕಂಪನಿ ಮೊದಲೇ ಹೇಳಿಟ್ಟ ಹಾಗೆ ಆಗುತ್ತದೆ: ತಡೆಯಬಹುದು, ಜಾಹೀರಾತು ಹಾಕಿ ಹಣ ತಗೊಳ್ಳಬಹುದು, ಸುಮ್ನೆ ಎಷ್ಟು ಜನ ನೋಡಿದರು ಅಂತ ಗಮನಿಸಬಹುದು. ಯೂಟ್ಯೂಬಿನ ವರದಿಗಳ ಪ್ರಕಾರ 90%ಕ್ಕೂ ಹೆಚ್ಚು ಸಲ ಹಕ್ಕುದಾರರು ಹಣದ ದಾರಿಯನ್ನೇ ಆರಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಎಎಂವಿಗೆ ಹಕ್ಕುದಾರರು ಎರಡು ಕಡೆ ಇದ್ದಾರೆ. ಹಾಡಿನವರು ಒಪ್ಪಿದರೂ ಚಿತ್ರದವರು ತಡೆದರೆ ಮುಗಿಯಿತು. ಚಿತ್ರದವರು ಬಿಟ್ಟರೂ ಹಾಡಿನವರು ತಡೆದರೆ ಅದೇ ಕಥೆ. ಯಂತ್ರಕ್ಕೆ ಅರ್ಥಗಾರಿಕೆ ಕೇಳಿಸುವುದಿಲ್ಲ. ರೆಕಾರ್ಡಿಂಗ್ ಯಾರದ್ದು ಅನ್ನುವುದು ಮಾತ್ರ ಕೇಳಿಸುತ್ತದೆ.

ಇದರಿಂದ ತಪ್ಪಿಸಿಕೊಳ್ಳಲು ಹುಡುಗರು ಮಾಡುವ ಉಪಾಯಗಳು ನೋಡಿದರೆ ಸಂಕಟ ಆಗುತ್ತದೆ. ಹಾಡಿನ ಶ್ರುತಿ ಏರಿಸುತ್ತಾರೆ, ಗಾಯಕಿಯ ದನಿ ಚಿಕ್ಕ ಮಗುವಿನ ದನಿ ಆಗುತ್ತದೆ. ವೇಗ ಹೆಚ್ಚಿಸುತ್ತಾರೆ, ಭಾವಗೀತೆ ಓಟಕ್ಕೆ ಬೀಳುತ್ತದೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸುತ್ತಾರೆ. ಜಪಾನಿನಲ್ಲಿ ಕಿಮೋನೊ ಉಡುವಾಗ ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬರುವ ಹಾಗೆ ಉಡಿಸುವುದು ಸತ್ತವರಿಗೆ. ಚಿತ್ರ ತಿರುಗಿಸಿದಾಗ ಜೀವಂತ ಇರುವ ನಾಯಕಿ ಹೆಣದ ಉಡುಪಿನಲ್ಲಿ ನಿಂತಿರುತ್ತಾಳೆ. ಇದನ್ನು ಒಬ್ಬ ಹುಡುಗನಿಗೆ ಹೇಳಿದಾಗ ಅವನ ಮುಖ ಸಪ್ಪಗಾಯಿತು. ಅವನಿಗೆ ಆ ಪಾತ್ರದ ಮೇಲೆ ಅಷ್ಟು ಪ್ರೀತಿ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಆ್ಯಪ್‌ನಲ್ಲಿ ಗಾಯಕರ ದನಿಯನ್ನೇ ನಕಲು ಮಾಡಿ ಹಾಡಿಸುವವರೂ ಇದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ದನಿ ಆ ಮನುಷ್ಯರದ್ದು. 2024ರಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಗೆ ಇಂಥ ನಕಲಿನಿಂದ ರಕ್ಷಣೆ ಕೊಟ್ಟಿದೆ.

ಈಗ ಕಾನೂನು. ಅನೇಕ ಹುಡುಗರು ವಿಡಿಯೊದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಹಾಕುತ್ತಾರೆ. ಕಾಪಿರೈಟ್ ಕಾಯ್ದೆ 1976ರ ಸೆಕ್ಷನ್ 107ರ ಪ್ರಕಾರ ಇದು ನ್ಯಾಯವಾದ ಬಳಕೆ ಅಂತ. ಅದು ಅಮೆರಿಕದ ಕಾಯ್ದೆ. ಅಲ್ಲಿ ಹಳೆಯದನ್ನು ತಗೊಂಡು ಹೊಸ ಅರ್ಥ ಕೊಟ್ಟೆ ಎಂದು ವಾದ ಮಾಡಲು ಜಾಗ ಇದೆ. ಗೆಲ್ಲುತ್ತೀರಿ ಅಂತ ಅಲ್ಲ, ವಾದಕ್ಕೆ ಜಾಗ ಇದೆ ಅಷ್ಟೇ. ಹೊಸನಗರದಲ್ಲಿ ಕೂತವನಿಗೆ ಆ ಸೆಕ್ಷನ್ ಕೊಡೆ ಹಿಡಿಯುವುದಿಲ್ಲ.

ನಮ್ಮದು 1957ರ ಕಾಯ್ದೆ. ಅದರ 52ನೇ ಸೆಕ್ಷನ್ ಕೆಲವು ಬಳಕೆಗಳನ್ನು ಬಿಡುತ್ತದೆ. ಅದರಲ್ಲಿ ಮುಖ್ಯವಾದವು ಖಾಸಗಿ ಬಳಕೆ ಮತ್ತು ಸಂಶೋಧನೆ, ವಿಮರ್ಶೆ, ವರ್ತಮಾನದ ವರದಿ. ಮನೆಯಲ್ಲಿ ಎಡಿಟ್ ಮಾಡಿ ತಂಗಿಗೆ ತೋರಿಸಿದರೆ ಖಾಸಗಿ ಅನ್ನಬಹುದು. ಎಲ್ಲರಿಗೂ ಕಾಣುವ ಹಾಗೆ ಹಾಕಿದ ಮೇಲೆ ಅದು ಖಾಸಗಿ ಅಲ್ಲ. ಆಗ ಉಳಿಯುವುದು ವಿಮರ್ಶೆ. 1996ರಲ್ಲಿ ಕೇರಳ ಹೈಕೋರ್ಟ್ ಒಂದು ಒಳ್ಳೆಯ ತೀರ್ಪು ಕೊಟ್ಟಿತ್ತು. ಸಿವಿಕ್ ಚಂದ್ರನ್ ಅವರು ಹಳೆಯ ಪ್ರಸಿದ್ಧ ನಾಟಕವೊಂದರ ಪಾತ್ರಗಳನ್ನೂ ಮಾತುಗಳನ್ನೂ ತಗೊಂಡು ಅದಕ್ಕೆ ಎದುರು ನಾಟಕ ಬರೆದಿದ್ದರು. ಅದು ನಕಲಲ್ಲ, ವಿಮರ್ಶೆ ಎಂದು ಕೋರ್ಟ್ ಒಪ್ಪಿತು. ಪ್ರೀತಿಯಿಂದ ಮಾಡಿದ ಎಡಿಟ್ ವಿಮರ್ಶೆ ಆಗುತ್ತದೆಯೇ? ಕಷ್ಟ. ಬೈದರೆ ರಕ್ಷಣೆ, ಮೆಚ್ಚಿದರೆ ಇಲ್ಲ ಅನ್ನುವ ಹಾಗೆ ಆಗಿದೆ, ಅಲ್ವಾ?

63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕೆ ಮಾಡದಿದ್ದರೆ ಕಾರಣ ಬರೆದು ಕೋರ್ಟ್ ಶಿಕ್ಷೆ ಇಳಿಸಬಹುದು. ಆದರೆ ಅಪರಾಧ ಅಪರಾಧವೇ. ಹಾಡಿನ ಹಕ್ಕನ್ನು ಕನ್ನಡದ ಕಂಪನಿಗಳು ಹಗುರವಾಗಿ ತಗೊಳ್ಳುವುದಿಲ್ಲ ಅನ್ನುವುದು 2022ರ ನವೆಂಬರ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ಕೆಜಿಎಫ್-2 ಚಿತ್ರದ ಹಾಡನ್ನು ಕಾಂಗ್ರೆಸ್ಸಿನವರು ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ ಬಳಸಿದ್ದರು ಎಂದು ಎಂಆರ್‌ಟಿ ಮ್ಯೂಸಿಕ್ ಕಂಪನಿ ಕೋರ್ಟಿಗೆ ಹೋಯಿತು. ಬೆಂಗಳೂರಿನ ಕೋರ್ಟ್ ಟ್ವಿಟರ್ ಖಾತೆಗಳನ್ನೇ ತಡೆಯಲು ಹೇಳಿತು. ಮರುದಿನ ಹೈಕೋರ್ಟ್ ಆ ವಿಡಿಯೊಗಳನ್ನು ತೆಗೆಯಬೇಕು ಎಂಬ ಷರತ್ತಿನ ಮೇಲೆ ಆ ಆದೇಶ ರದ್ದು ಮಾಡಿತು. ರಾಷ್ಟ್ರೀಯ ಪಕ್ಷಕ್ಕೇ ಹಾಗಾದರೆ ಹುಡುಗರು ಹೆದರುವುದರಲ್ಲಿ ಆಶ್ಚರ್ಯ ಇಲ್ಲ.

ಹಾಡಿನ ಕಂಪನಿಗಳನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಕನ್ನಡದ ಮಾರುಕಟ್ಟೆ ಚಿಕ್ಕದು. ಭಾವಗೀತೆಯ ಒಂದು ಕ್ಯಾಸೆಟ್ ಹಿಂದೆ ಕವಿ, ಸಂಯೋಜಕರು, ಗಾಯಕರು, ತಬಲದವರು, ಕೊಳಲಿನವರು ಎಲ್ಲ ಇದ್ದರು. ಅವರಿಗೆ ಹಣ ಬರಬೇಕು. 2012ರ ತಿದ್ದುಪಡಿಯಲ್ಲಿ ಸಾಹಿತ್ಯ ಬರೆದವರಿಗೂ ಸಂಗೀತ ಮಾಡಿದವರಿಗೂ ರಾಯಲ್ಟಿಯ ಪಾಲು ಸಿಗುವ ಹಾಗೆ ಮಾಡಿದ್ದು ಒಳ್ಳೆಯ ಕೆಲಸ. ಅದಕ್ಕೇ ನಾನು ಕೇಳುವುದು, ಹಾಡನ್ನು ಅಳಿಸಿದರೆ ಯಾರಿಗೆ ಏನು ಬಂತು? ಜಾಹೀರಾತು ಹಾಕಿ ಹಣ ತಗೊಂಡಿದ್ದರೆ ನಾಲ್ಕು ಕಾಸಾದರೂ ಬರುತ್ತಿತ್ತು. ಆ ಹಾಡನ್ನು ಕೇಳಿರದ ಒಂದು ತಲೆಮಾರಿನ ಕಿವಿಗೆ ಅದು ಬೀಳುತ್ತಿತ್ತು.

ಅದೇ 2012ರಲ್ಲಿ ಕೆನಡಾ ತನ್ನ ಕಾಯ್ದೆಗೆ ಒಂದು ಹೊಸ ಸೆಕ್ಷನ್ ಸೇರಿಸಿತು. ವ್ಯಾಪಾರದ ಉದ್ದೇಶ ಇಲ್ಲದೆ, ಮೂಲ ಯಾವುದು ಅಂತ ಹೇಳಿ, ಮೂಲದ ಮಾರಾಟಕ್ಕೆ ದೊಡ್ಡ ಹೊಡೆತ ಬೀಳದ ಹಾಗೆ ಜನಸಾಮಾನ್ಯರು ಹಳೆಯದರಿಂದ ಹೊಸದು ಮಾಡಿದರೆ ಅದು ಉಲ್ಲಂಘನೆ ಅಲ್ಲ ಎಂದು. ಅಷ್ಟೇ ಸರಳ. ನಮ್ಮ ತಿದ್ದುಪಡಿಯಲ್ಲಿ ಇದು ಬರಲಿಲ್ಲ. ಮುಂದಿನದರಲ್ಲಿ ಬರಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಜಪಾನಿನವರು ಏನನ್ನುತ್ತಾರೆ? ಅಲ್ಲಿ ಅಭಿಮಾನಿಗಳು ಬರೆದ ಕಾಮಿಕ್ಸ್ ಮಾರುವ ಕೊಮಿಕೆಟ್ ಎಂಬ ಸಂತೆ 1975ರಿಂದ ನಡೆಯುತ್ತಿದೆ. ಹಕ್ಕುದಾರರು ಬಹಳ ಮಟ್ಟಿಗೆ ಕಂಡೂ ಕಾಣದ ಹಾಗೆ ಇರುತ್ತಾರೆ. ಆದರೆ ಅನಿಮೆಯ ವಿಡಿಯೊ ತುಣುಕಿನ ವಿಷಯಕ್ಕೆ ಅಷ್ಟು ಸಡಿಲ ಇಲ್ಲ. ಒಂದು ಅನಿಮೆಗೆ ಪ್ರಕಾಶಕರು, ಟಿವಿ ಚಾನೆಲ್, ಸಂಗೀತ ಕಂಪನಿ ಎಲ್ಲ ಸೇರಿ ಹಣ ಹಾಕಿರುತ್ತಾರೆ. ಅನುಮತಿ ಕೇಳೋಣ ಅಂದರೂ ಕೇಳಲು ಒಂದು ಬಾಗಿಲು ಇಲ್ಲ.

ಹೀಗಾಗಿ ಹುಡುಗರು ಸುಲಭದ ದಾರಿ ಹಿಡಿಯುತ್ತಿದ್ದಾರೆ. ನಾನು ಕೇಳಿದವರಲ್ಲಿ ಹೆಚ್ಚಿನವರು ಈಗ ಕನ್ನಡ ಹಾಡು ಬಿಟ್ಟು, ಹಕ್ಕಿನ ತೊಂದರೆ ಇಲ್ಲದ ವಿದೇಶಿ ಟ್ರ್ಯಾಕ್‌ಗಳನ್ನು ಹಾಕುತ್ತಾರೆ. ಪದವೇ ಇಲ್ಲದ, ಬರೀ ಧಿಂ ಧಿಂ ಅನ್ನುವ ಬೀಟ್. ಅದಕ್ಕೆ ಮುಖ ಹಿಡಿದು ನಿಲ್ಲಿಸುವ ಅಗತ್ಯ ಇಲ್ಲ, ಕ್ರಿಯಾಪದಕ್ಕೆ ಕಾಯುವುದೂ ಬೇಡ. ಆಗುಂಬೆಯ ಹುಡುಗನ ಎಡಿಟ್‌ಗೂ ಬೇರೆ ದೇಶದ ಹುಡುಗನ ಎಡಿಟ್‌ಗೂ ವ್ಯತ್ಯಾಸ ಹೇಳಲು ಆಗುವುದಿಲ್ಲ. ನನಗೆ ನೋವಾಗುವುದು ಇದಕ್ಕೆ.

ಕಾನೂನು ಬದಲಾಗುವ ತನಕ ಏನು ಮಾಡಬಹುದು? ಒಂದು ಹಾಡಿನಲ್ಲಿ ಮೂರು ಹಕ್ಕುಗಳಿವೆ: ಸಾಹಿತ್ಯದ್ದು, ಸಂಗೀತದ್ದು, ರೆಕಾರ್ಡಿಂಗ್‌ನದ್ದು. ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಪದ್ಯ ಮುಕ್ತವಾಗುವುದು 2041 ಮುಗಿದ ಮೇಲೆ. ಕುವೆಂಪು ಅವರದ್ದು 2054 ಮುಗಿಯಬೇಕು. ಅಷ್ಟು ಕಾಯಲು ಆಗುವುದಿಲ್ಲ. ಆದರೆ 12ನೇ ಶತಮಾನದ ವಚನಕ್ಕೆ ಯಾರ ಹಕ್ಕೂ ಇಲ್ಲ. ಅಕ್ಕಮಹಾದೇವಿಯ ಉಡುತಡಿ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲೇ ಇದೆ, ಅಲ್ಲಮನ ಬಳ್ಳಿಗಾವಿಯೂ ಅಲ್ಲೇ. ದಾಸರ ಪದ ಇದೆ, ಗದ್ದೆ ನಾಟಿಯ ಪದಗಳಿವೆ. ಎಚ್ಚರ ಒಂದೇ. ಪ್ರಸಿದ್ಧ ಗಾಯಕರು ಹಾಡಿದ ಧಾಟಿಯನ್ನೇ ಹಾಡಿದರೆ ಆ ಸಂಯೋಜನೆಯ ಹಕ್ಕು ಬೇರೆಯವರದ್ದಾಗಿರಬಹುದು. ಧಾಟಿಯೂ ನಿಮ್ಮದೇ ಆಗಿರಲಿ, ದನಿಯೂ ನಿಮ್ಮದೇ ಆಗಿರಲಿ.

ಅಕ್ಕನ ಮಗನಿಗೆ ಇದನ್ನೇ ಹೇಳಿದೆ. ಅವನ ಅಕ್ಕ ಕಾಲೇಜಿನಲ್ಲಿ ಹಾಡುತ್ತಾಳೆ. ಅಕ್ಕಮಹಾದೇವಿಯ ಒಂದು ವಚನಕ್ಕೆ ತಾನೇ ಧಾಟಿ ಕಟ್ಟಿದಳು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಕಂಬಳಿ ಕಟ್ಟಿ, ಫೋನಿನಲ್ಲೇ ರೆಕಾರ್ಡ್ ಮಾಡಿದರು. ತಗಡಿನ ಮೇಲೆ ಮಳೆ ಬೀಳುವ ಸದ್ದು ಎರಡು ದಿನ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಐದಕ್ಕೆ ಮಳೆ ನಿಂತಾಗ ಎದ್ದು ಹಾಡಿದಳು. ತಾಳವಾದ್ಯ ಇಲ್ಲ, ಶ್ರುತಿಪೆಟ್ಟಿಗೆ ಒಂದೇ. ಪೆಟ್ಟೇ ಇಲ್ಲದ ಹಾಡಿಗೆ ಎಲ್ಲಿ ಕತ್ತರಿಸುವುದು ಅಂತ ಹುಡುಗ ಫೋನಿನಲ್ಲಿ ಕೇಳಿದ. ನಾನು ಏನಾದರೂ ಹೇಳುವ ಮೊದಲೇ "ಅವಳು ಉಸಿರು ತಗೊಳ್ಳೋ ಕಡೆ ಮಾಡ್ಲಾ ಮಾಮ?" ಅಂದ.

ಎಡಿಟ್ ಹಾಕಿ ಎರಡು ತಿಂಗಳಾಯಿತು. ಹಾಡಿನ ಮೇಲೆ ಯಾವ ಕಾಪಿರೈಟ್ ಕ್ಲೈಮೂ ಬರಲಿಲ್ಲ. ಚಿತ್ರದ ಹಕ್ಕುದಾರರಿಂದ ಒಂದು ಬಂತು. ಜಾಹೀರಾತು ಬಂದರೆ ಅದರ ಹಣ ಅವರಿಗೆ. ವಿಡಿಯೊ ಹಾಗೇ ಇದೆ, ಅವಳ ದನಿಯೂ.